ಕೂನೂರಿನ ಚುಚ್ಚುಮದ್ದಿನಿಂದ ಬೀದಿನಾಯಿಯ ಲಸಿಕೆಯವರೆಗೆ

ನಮ್ಮ ಹಿರಿಯರ ಕಾಲದಲ್ಲಿ, ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕನ್ನಡ ಸೀಮೆಗಳಲ್ಲಿ, ‘ಅವರು ಕೂನೂರಿಗೆ ಹೋಗಿದ್ದಾರೆ’ ಎಂದು ಯಾರಾದರೂ ಹೇಳಿದರೆ ಕೇಳಿದವರು ಏಕೆಂದು ಮತ್ತೆ ವಿಚಾರಿಸುತ್ತಿರಲಿಲ್ಲವಂತೆ. ಬೇಸಗೆಯ ತಂಪಿಗಾಗಿ ನೀಲಗಿರಿಯನ್ನು ಏರುತ್ತಿದ್ದವರು ದೊರೆಗಳು ಮತ್ತು ಧನಿಕರು. ಸಾಮಾನ್ಯ ರೈತನೋ ಕೂಲಿಯವನೋ ಶಾಲೆಯ ಹುಡುಗನೋ ಕೂನೂರಿನ ರೈಲು ಹತ್ತಿದನೆಂದರೆ ಅವನನ್ನು ಹುಚ್ಚುನಾಯಿ ಕಡಿದಿದೆ ಎಂದೇ ಜನ ತಿಳಿಯುತ್ತಿದ್ದರು.

ಗಡಿನಾಡಿನ ಚರಿತ್ರೆಯನ್ನು ಬರೆಯುವಾಗ ನಾವು ಶಾಸನಗಳನ್ನು, ಮಠಮಂದಿರಗಳನ್ನು, ಕನ್ನಡ ಶಾಲೆಗಳನ್ನು, ಏಕೀಕರಣದ ಚಳವಳಿಯನ್ನು ನೆನೆಯುತ್ತೇವೆ. ಅದು ಉಚಿತವೇ ಆಗಿದೆ. ಆದರೆ ಕಾಸರಗೋಡಿನವನನ್ನೂ ಆದವಾನಿಯವನನ್ನೂ ತಾಳವಾಡಿಯವನನ್ನೂ ಒಂದೇ ಜಗಲಿಯ ಮೇಲೆ ಸಾಲಾಗಿ ಕೂರಿಸಿದ ಸಂಸ್ಥೆಯೊಂದು ನಮ್ಮ ಬೆಟ್ಟದ ಮೇಲಿದೆ ಎಂಬುದನ್ನು ಸಾಹಿತ್ಯ ಸಮ್ಮೇಳನಗಳಲ್ಲಿ ನೆನೆದವರು ವಿರಳ. ಆ ಸಂಸ್ಥೆಯ ಹೆಸರಿನಲ್ಲಿ, ಹುಚ್ಚುನಾಯಿ ರೋಗವನ್ನು ಗುರುತಿಸುವ ಮತ್ತು ಹತ್ತಿಕ್ಕುವ ಪ್ರಯತ್ನದ ಕಥೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸಿದ್ದೇನೆ. ಈ ಕಥೆಯಿಂದ ಹೊರಡುವ ಪಾಠ ಒಂದೇ. ನೂರು ವರ್ಷ ನಾವು ಕಡಿಸಿಕೊಂಡ ಮನುಷ್ಯನಿಗೆ ಮದ್ದು ಹಾಕಿದೆವು. ಕಡಿದ ನಾಯಿಯ ಕಡೆಗೆ ನೋಡಿದ್ದು ತೀರ ತಡವಾಗಿ. ಆ ವಿಳಂಬದ ಬೆಲೆಯನ್ನು ಇಂದಿಗೂ ತೆರುತ್ತಿದ್ದೇವೆ.

ಪ್ರಾಚೀನರು ಕಂಡದ್ದು

ಈ ರೋಗ ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಹುಚ್ಚು ಹಿಡಿದ ನಾಯಿಯ ವರ್ಣನೆಯಿದೆ. ಜೋತುಬಿದ್ದ ಬಾಲ, ಸಡಿಲಗೊಂಡ ದವಡೆ, ಬಾಗಿದ ಹೆಗಲು, ಎಡೆಬಿಡದೆ ಸುರಿಯುವ ಜೊಲ್ಲು ಇವೆಲ್ಲವನ್ನೂ ಆ ಪ್ರಾಚೀನ ವೈದ್ಯ ಕಣ್ಣಾರೆ ಕಂಡು ಹೇಳಿದ್ದಾನೆ. ಕಡಿಸಿಕೊಂಡವನು ನೀರನ್ನು ಕಂಡು ಅಥವಾ ನೀರಿನ ಸದ್ದನ್ನು ಕೇಳಿ ಬೆದರಿದರೆ ಅದಕ್ಕೆ ‘ಜಲತ್ರಾಸ’ವೆಂದು ಹೆಸರು, ಅದು ಸಾವಿನ ಸೂಚನೆ ಎಂದೂ ಆ ಗ್ರಂಥ ತಿಳಿಸುತ್ತದೆ. ಜಲತ್ರಾಸ ಕಾಣಿಸಿಕೊಂಡ ಮೇಲೆ ರೋಗಿ ಉಳಿಯುವುದಿಲ್ಲವೆಂಬ ಆ ಮಾತು ಬಹುಮಟ್ಟಿಗೆ ಇಂದಿಗೂ ಸತ್ಯವಾಗಿಯೇ ಉಳಿದಿದೆ. ಕನ್ನಡದಲ್ಲಿಯೂ 14ನೆಯ ಶತಮಾನದಷ್ಟು ಹಿಂದೆಯೇ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ರಚಿಸಿದನು. ವಿಷಚಿಕಿತ್ಸೆಯ ವಿಚಾರ ನಮ್ಮ ಭಾಷೆಗೆ ಎಷ್ಟು ಹಳೆಯದೆಂಬುದಕ್ಕೆ ಅದೊಂದೇ ಸಾಕ್ಷಿ ಸಾಕು.

ಹಳ್ಳಿಗಳಲ್ಲಿ ಗಾಯಕ್ಕೆ ಬರೆ ಹಾಕುತ್ತಿದ್ದರು, ಸುಣ್ಣ ಅಥವಾ ಮೆಣಸಿನಪುಡಿ ತುಂಬುತ್ತಿದ್ದರು, ಬೇರುನಾರು ಅರೆದು ಕುಡಿಸುತ್ತಿದ್ದರು, ಮಂತ್ರ ಹಾಕಿಸುತ್ತಿದ್ದರು. ಇವುಗಳಲ್ಲಿ ಜನರಿಗೆ ನಂಬಿಕೆ ಬಂದದ್ದಕ್ಕೆ ಕಾರಣವೂ ಇದೆ. ಕಡಿಯುವ ನಾಯಿಗಳೆಲ್ಲ ಹುಚ್ಚುನಾಯಿಗಳಲ್ಲ. ಹುಚ್ಚುನಾಯಿ ಕಡಿದವರೆಲ್ಲರಿಗೂ ರೋಗ ತಗಲುವುದಿಲ್ಲ. ಹತ್ತು ಮಂದಿಯಲ್ಲಿ ಹಲವರು ಏನೂ ಮಾಡದಿದ್ದರೂ ಬದುಕುತ್ತಿದ್ದರು; ಕೀರ್ತಿ ಮಾತ್ರ ಬೇರಿಗೆ ಸಲ್ಲುತ್ತಿತ್ತು. ಸತ್ತವನ ಪಾಲಿಗೆ ಹಣೆಬರಹವೆಂಬ ಸಮಾಧಾನ ಸಿದ್ಧವಾಗಿಯೇ ಇತ್ತು.

ಪ್ಯಾರಿಸ್ಸಿನಿಂದ ಕೂನೂರಿಗೆ

1885ರ ಜುಲೈ 6ರಂದು ಫ್ರಾನ್ಸಿನ ಲೂಯಿ ಪಾಶ್ಚರ್ ತಮ್ಮ ಹೊಸ ಮದ್ದನ್ನು ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಬಾಲಕನಿಗೆ ಕೊಡಿಸಿದರು. ರೋಗ ತಗಲಿದ ಮೊಲದ ಬೆನ್ನುಹುರಿಯನ್ನು ಗಾಜಿನ ಪಾತ್ರೆಯಲ್ಲಿ ತೂಗುಹಾಕಿ ಒಣಗಿಸಿದರೆ ಅದರ ವಿಷ ದಿನೇ ದಿನೇ ಕುಗ್ಗುತ್ತದೆ. ತೀರ ದುರ್ಬಲವಾದ ಮದ್ದಿನಿಂದ ಆರಂಭಿಸಿ ಕ್ರಮೇಣ ಪ್ರಬಲವಾದುದನ್ನು ಚುಚ್ಚಿದರೆ ದೇಹ ರೋಗವನ್ನು ಎದುರಿಸುವ ಶಕ್ತಿಯನ್ನು ಪಡೆಯುತ್ತದೆ. ಕಡಿತಕ್ಕೂ ರೋಗಕ್ಕೂ ನಡುವೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅವಧಿ ಇರುವುದರಿಂದ, ಕಡಿದ ಮೇಲೆ ಕೊಟ್ಟರೂ ಈ ಮದ್ದು ಫಲಿಸುತ್ತದೆ. ಬಾಲಕ ಬದುಕಿದನು. 1888ರಲ್ಲಿ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆ ಬಾಗಿಲು ತೆರೆಯಿತು.

ಅಂದಿನ ಭಾರತಕ್ಕೆ ಇದರಿಂದ ಆದ ಪ್ರಯೋಜನ ಅತ್ಯಲ್ಪ. ನಾಯಿ ಕಡಿದ ಸೈನಿಕರನ್ನೂ ಅಧಿಕಾರಿಗಳನ್ನೂ ಹಡಗಿನಲ್ಲಿ ಪ್ಯಾರಿಸ್ಸಿಗೆ ಕಳುಹಿಸುತ್ತಿದ್ದರು. ಆ ಭಾಗ್ಯವಿಲ್ಲದವರು ದೇವರ ಮೇಲೆ ಭಾರ ಹಾಕುತ್ತಿದ್ದರು. 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ದೇಶದ ಮೊದಲ ಪಾಶ್ಚರ್ ಸಂಸ್ಥೆ ಆರಂಭವಾದರೂ ದಕ್ಷಿಣದವರಿಗೆ ಅದು ದೂರದ ಬೆಟ್ಟವೇ ಆಗಿತ್ತು. 1902ರಲ್ಲಿ ಲಿಲಿ ಪೇಕನ್‌ಹ್ಯಾಮ್ ವಾಲ್ಷ್ ಎಂಬ ತರುಣಿ, ಸಮೀಪದಲ್ಲೆಲ್ಲೂ ಚಿಕಿತ್ಸೆ ದೊರೆಯದೆ ಜಲಭೀತಿಯಿಂದ ಮರಣ ಹೊಂದಿದಳು. ಹೆಸರಿಲ್ಲದ ಸಾವಿರಾರು ಸಾವುಗಳಿಗೆ ಕದಲದಿದ್ದ ಆಡಳಿತ ಈ ಒಂದು ಸಾವಿಗೆ ಕದಲಿತು ಎಂಬುದನ್ನು ಚರಿತ್ರೆಯ ವಿದ್ಯಾರ್ಥಿ ಗಮನಿಸಬೇಕು. ಅಮೆರಿಕದ ದಾನಿ ಹೆನ್ರಿ ಫಿಪ್ಸ್ ಭಾರತದ ಹಿತಕ್ಕಾಗಿ ನೀಡಿದ್ದ ಹಣದಲ್ಲಿ ಒಂದು ಲಕ್ಷ ರೂಪಾಯಿಯನ್ನು ವೈಸರಾಯ್ ಲಾರ್ಡ್ ಕರ್ಜನ್ ದಕ್ಷಿಣದ ಸಂಸ್ಥೆಗಾಗಿ ಮೀಸಲಿರಿಸಿದರು. ಅದೇ ದಾನದ ಇನ್ನೊಂದು ಭಾಗದಿಂದ ಬಿಹಾರದ ಪೂಸಾದಲ್ಲಿ ಕೃಷಿ ಸಂಶೋಧನಾ ಸಂಸ್ಥೆ ತಲೆಯೆತ್ತಿತು. 1907ರ ಏಪ್ರಿಲ್ 6ರಂದು ಕೂನೂರಿನಲ್ಲಿ ‘ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ’ ಕಾರ್ಯಾರಂಭ ಮಾಡಿತು.

ಬೆಟ್ಟ ಹತ್ತಿದವರು

ಕಸೌಲಿಯಂತೆ ಕೂನೂರೂ ಬೆಟ್ಟದ ಊರು. ಶೀತಕ ಯಂತ್ರಗಳಿಲ್ಲದ ಆ ಕಾಲದಲ್ಲಿ ಮದ್ದು ಕೆಡದಂತೆ ಕಾಯಲು ಬೆಟ್ಟದ ತಂಪೇ ಆಧಾರ. ಮೆಟ್ಟುಪಾಳ್ಯದಿಂದ ಹಲ್ಲುಹಳಿಯ ರೈಲು 1899ರಲ್ಲಿಯೇ ಕೂನೂರನ್ನು ತಲುಪಿತ್ತು. ಉದಕಮಂಡಲಕ್ಕೆ ಅದು ಬಂದದ್ದು 1908ರಲ್ಲಿ. ಆದುದರಿಂದ ಸಂಸ್ಥೆ ಆರಂಭವಾದಾಗ ಬೆಟ್ಟದ ರೈಲಿನ ಕೊನೆಯ ನಿಲ್ದಾಣ ಕೂನೂರೇ ಆಗಿತ್ತು.

ಆ ಕಾಲದ ಭೂಪಟವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಕಾಸರಗೋಡು ಅಂದು ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು. ಆದವಾನಿ, ರಾಯದುರ್ಗಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಮಡಕಶಿರಾ ಅನಂತಪುರಕ್ಕೆ, ಹೊಸೂರು ಸೇಲಂಗೆ, ತಾಳವಾಡಿ ಮತ್ತು ಕೊಳ್ಳೇಗಾಲ ಕೊಯಮತ್ತೂರಿಗೆ ಸೇರಿದ್ದವು. ಇವೆಲ್ಲವೂ ಮದರಾಸು ಪ್ರಾಂತ್ಯದ ಭಾಗಗಳು. ಕಾಸರಗೋಡಿನವನು ಷೊರನೂರು, ಪೋತನೂರುಗಳ ಮೂಲಕ ಮೆಟ್ಟುಪಾಳ್ಯಕ್ಕೆ ಬಂದು ಬೆಟ್ಟದ ರೈಲು ಹತ್ತಬೇಕಾಗಿತ್ತು. ಆದವಾನಿಯವನಿಗೆ ಗುಂತಕಲ್ಲು, ಅರಕೋಣಂಗಳ ದೂರದ ಸುತ್ತುದಾರಿ. ತಾಳವಾಡಿಯವನು ದಿಂಬಂ ಘಾಟಿ ಇಳಿದು ಸತ್ಯಮಂಗಲದ ಮೇಲೆ ಬರಬೇಕು. ಮೈಸೂರು ಸೀಮೆಯವರಿಗೆ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರುಗಳ ಕಾಡುದಾರಿ. ಎಂದೂ ಊರು ಬಿಟ್ಟು ಹೋಗದ ಸಂಸಾರಗಳು ಮೈ ಕಚ್ಚಿಸಿಕೊಂಡ ಮಗುವನ್ನೆತ್ತಿಕೊಂಡು, ಭಾಷೆ ತಿಳಿಯದ ಊರುಗಳನ್ನು ದಾಟಿ, ಬಿಸಿಲುನಾಡಿನ ಬಟ್ಟೆಯಲ್ಲಿಯೇ ಈ ಚಳಿಗೆ ಬಂದು ನಿಲ್ಲುತ್ತಿದ್ದವು.

ಬಂದವರು ಕೂಡಲೇ ಹಿಂದಿರುಗುವಂತಿರಲಿಲ್ಲ. ದಿನಕ್ಕೊಂದರಂತೆ ಚುಚ್ಚುಮದ್ದು ಪಡೆದುಕೊಂಡು ಎರಡು ವಾರದಷ್ಟು ಕಾಲ ತಂಗಬೇಕಾಗಿತ್ತು. ನಮ್ಮ ಬೆಟ್ಟದ ಬಡಗ ಹಟ್ಟಿಗಳ ಜನರ ಮಾತು ಕನ್ನಡಕ್ಕೆ ಹತ್ತಿರವಾದುದರಿಂದ, ಬಯಲುಸೀಮೆಯಿಂದ ಬಂದ ಕನ್ನಡಿಗರಿಗೆ ಇಲ್ಲಿನ ಸಂತೆಬೀದಿಯಲ್ಲಿ ಮಾತನಾಡಿಸುವವರಾದರೂ ಸಿಗುತ್ತಿದ್ದರೆಂದು ಊಹಿಸುವುದು ತಪ್ಪಾಗಲಾರದು.

ಕುರಿಯ ಮಿದುಳಿನ ಮದ್ದು

1911ರಲ್ಲಿ ಕಸೌಲಿಯ ಡೇವಿಡ್ ಸೆಂಪಲ್ ಒಂದು ಮಹತ್ವದ ಬದಲಾವಣೆ ತಂದರು. ರೋಗಾಣು ತುಂಬಿದ ಮಿದುಳಿನ ದ್ರಾವಣವನ್ನು ಕಾರ್ಬಾಲಿಕ್ ಆಮ್ಲದಿಂದ ನಿರ್ಜೀವಗೊಳಿಸಿ ಮದ್ದು ತಯಾರಿಸುವ ವಿಧಾನ ಅದು. ಕುರಿಯ ಮಿದುಳಿನಿಂದ ಅದನ್ನು ಅಗ್ಗವಾಗಿ, ಹೇರಳವಾಗಿ ತಯಾರಿಸಲು ಸಾಧ್ಯವಾಯಿತು. ಸೀಸೆಯಲ್ಲಿ ತುಂಬಿ ದೂರದ ಊರುಗಳಿಗೆ ಕಳುಹಿಸಬಹುದಾದುದರಿಂದ ಕಾಲಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಚಿಕಿತ್ಸೆ ದೊರೆಯತೊಡಗಿತು. ರೋಗಿ ಬೆಟ್ಟ ಹತ್ತುವ ಬದಲು ಮದ್ದೇ ಬೆಟ್ಟ ಇಳಿಯಿತು.

ಆದರೆ ಆ ಮದ್ದಿಗೆ ಎರಡು ದೋಷಗಳಿದ್ದವು. ಹೊಟ್ಟೆಯ ಚರ್ಮದಡಿ 14 ದಿನಗಳವರೆಗೆ ಚುಚ್ಚಬೇಕು. ನನ್ನ ತಲೆಮಾರಿನ ಮಕ್ಕಳಿಗೆ ನಾಯಿಯ ಹಲ್ಲಿಗಿಂತ ‘ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ’ ಎಂಬ ಮಾತೇ ಹೆಚ್ಚು ಭಯಂಕರವಾಗಿತ್ತು. ಎಷ್ಟೋ ಮಂದಿ ಅರ್ಧಕ್ಕೇ ಬಿಟ್ಟು ಓಡುತ್ತಿದ್ದರು. ಎರಡನೆಯದು ಇನ್ನೂ ಗಂಭೀರ. ಪ್ರಾಣಿಯ ನರದ ಅಂಶ ದೇಹವನ್ನು ಸೇರುವುದರಿಂದ ಕೆಲವರಿಗೆ ಲಕ್ವ ಹೊಡೆಯುತ್ತಿತ್ತು; ಅಪರೂಪಕ್ಕೆ ಪ್ರಾಣವೂ ಹೋಗುತ್ತಿತ್ತು. ಜೀವಕೋಶಗಳಲ್ಲಿ ಬೆಳೆಸಿದ, ನರಾಂಶವಿಲ್ಲದ ಸುರಕ್ಷಿತ ಲಸಿಕೆಗಳು 1970ರ ದಶಕದಲ್ಲಿಯೇ ಹೊರದೇಶಗಳಲ್ಲಿ ಬಳಕೆಗೆ ಬಂದಿದ್ದರೂ ನಮ್ಮ ಸರ್ಕಾರಿ ಆಸ್ಪತ್ರೆಗಳ ಬಡವರಿಗೆ ಕುರಿಯ ಮಿದುಳಿನ ಮದ್ದೇ ಗತಿಯಾಗಿತ್ತು. ಭಾರತದಲ್ಲಿ ಅದರ ತಯಾರಿಕೆ ನಿಂತದ್ದು 2004ರ ಡಿಸೆಂಬರಿನಲ್ಲಿ. 1977ರಿಂದ ಸ್ವಾಯತ್ತ ಸಂಸ್ಥೆಯಾಗಿ ‘ಭಾರತ ಪಾಶ್ಚರ್ ಸಂಸ್ಥೆ’ ಎಂಬ ಹೆಸರು ಪಡೆದ ಕೂನೂರಿನ ಸಂಸ್ಥೆಯೂ ಜೀವಕೋಶ ಲಸಿಕೆಯ ತಯಾರಿಕೆಯನ್ನು ಕೈಗೊಂಡಿತು. ಇಂದು ತೋಳಿಗೆ ನಾಲ್ಕೈದು ಬಾರಿ ಹಾಕಿಸಿಕೊಂಡರೆ ಸಾಕು. ಹೊಟ್ಟೆಗೆ ಚುಚ್ಚುವುದು ಎಂದೋ ಮುಗಿದ ಕಥೆ.

ರೋಗವನ್ನು ಪತ್ತೆಹಚ್ಚುವ ಬಗೆ

ಮದ್ದಿನಷ್ಟೇ ಮುಖ್ಯವಾದದ್ದು ನಾಯಿಗೆ ನಿಜವಾಗಿ ರೋಗವಿತ್ತೇ ಎಂದು ತಿಳಿಯುವುದು. 1903ರಲ್ಲಿ ಇಟಲಿಯ ಅಡೆಲ್ಕಿ ನೆಗ್ರಿ, ಹುಚ್ಚುನಾಯಿಯ ಮಿದುಳಿನ ನರಕೋಶಗಳಲ್ಲಿ ದುಂಡನೆಯ ಸಣ್ಣ ಕಣಗಳನ್ನು ಕಂಡರು. ‘ನೆಗ್ರಿ ಕಣ’ಗಳೆಂದು ಅವಕ್ಕೆ ಹೆಸರಾಯಿತು. ಅಂದಿನಿಂದ, ಸತ್ತ ನಾಯಿಯ ತಲೆಯನ್ನು ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಶಾಲೆಗೆ ಕಳುಹಿಸುವ ಪದ್ಧತಿ ಬೆಳೆಯಿತು. ನೆಗ್ರಿ ಕಣ ಕಂಡರೆ ರೋಗ ಖಚಿತ. ಕಾಣದಿದ್ದರೆ ರೋಗವಿಲ್ಲವೆಂದು ಹೇಳುವಂತಿರಲಿಲ್ಲ. ಸಂಶಯ ಬಂದಾಗ ಆ ಮಿದುಳಿನ ಅಂಶವನ್ನು ಇಲಿಗೆ ಚುಚ್ಚಿ ವಾರಗಟ್ಟಲೆ ಕಾಯಬೇಕಾಗಿತ್ತು. 1958ರಲ್ಲಿ ಅಮೆರಿಕದ ಗೋಲ್ಡ್‌ವಾಸರ್ ಮತ್ತು ಕಿಸ್ಲಿಂಗ್ ಬಳಕೆಗೆ ತಂದ ಪ್ರತಿದೀಪ್ತಿ ಪರೀಕ್ಷೆಯಲ್ಲಿ, ಹೊಳೆಯುವ ಬಣ್ಣ ಹತ್ತಿಸಿದ ಪ್ರತಿಕಾಯ ರೋಗಾಣುವಿಗೆ ಅಂಟಿಕೊಂಡು ಸೂಕ್ಷ್ಮದರ್ಶಕದಡಿ ಹಸಿರಾಗಿ ಬೆಳಗುತ್ತದೆ; ಕೆಲವೇ ಗಂಟೆಗಳಲ್ಲಿ ಉತ್ತರ ಸಿಗುತ್ತದೆ. ಇಂದಿಗೂ ಅದೇ ಪ್ರಮಾಣಭೂತ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಈ ಕ್ಷೇತ್ರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರವಾಗಿದೆಯೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಜೀವಂತ ನಾಯಿಯಲ್ಲಿ ರೋಗವನ್ನು ಖಚಿತವಾಗಿ ಹೇಳಬಲ್ಲ ಸುಲಭ ಪರೀಕ್ಷೆ ಇಲ್ಲ. ಅಲ್ಲಿ ಕಣ್ಣು ಮತ್ತು ಕಾಲ ಇವೆರಡೇ ಸಾಧನ. ರೋಗಾಣು ನರಗಳ ಹಾದಿಯಲ್ಲಿ ಮಿದುಳನ್ನು ಸೇರಿ, ಅಲ್ಲಿಂದ ಜೊಲ್ಲಿಗೆ ಇಳಿಯುತ್ತದೆ. ಜೊಲ್ಲಿನಲ್ಲಿ ವಿಷವಿರುವ ನಾಯಿ ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಲಕ್ಷಣ ತೋರಿ ಸಾಯುತ್ತದೆ. ಕಡಿದ ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಬೇಕೆಂಬ ನಿಯಮದ ಮೂಲ ಇದು. ಆದರೆ ಆ ಹತ್ತು ದಿನ ಮದ್ದನ್ನು ತಡೆಹಿಡಿಯಬಾರದು. ಚಿಕಿತ್ಸೆ ಅಂದೇ ಆರಂಭವಾಗಬೇಕು. ನಾಯಿಯನ್ನು ಸಿಟ್ಟಿನಿಂದ ಹೊಡೆದು ಸುಟ್ಟುಹಾಕಿದರೆ ನೋಡಲು ನಾಯಿಯೂ ಇಲ್ಲ, ಪರೀಕ್ಷಿಸಲು ಮಿದುಳೂ ಇಲ್ಲ.

ಲಕ್ಷಣಗಳ ಬಗ್ಗೆಯೂ ನಮ್ಮಲ್ಲಿ ತಪ್ಪು ತಿಳಿವಳಿಕೆ ಬಹಳ. ಹುಚ್ಚುನಾಯಿ ನೀರಿಗೆ ಹೆದರುತ್ತದೆ ಎನ್ನುತ್ತಾರೆ. ಜಲಭೀತಿ ಮನುಷ್ಯನ ಲಕ್ಷಣ, ನಾಯಿಯದಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯೂ ಇಲ್ಲಿ ನಡೆಯದು. ರೋಗದ ಒಂದು ಬಗೆಯಲ್ಲಿ ನಾಯಿ ಕಂಡದ್ದನ್ನೆಲ್ಲ ಕಚ್ಚುತ್ತದೆ. ಕಲ್ಲು, ಕಟ್ಟಿಗೆ ನುಂಗುತ್ತದೆ. ಅದರ ದನಿ ಒಡೆಯುತ್ತದೆ. ಇನ್ನೊಂದು ಬಗೆಯಲ್ಲಿ ಮೂಲೆ ಸೇರಿ ಮೌನವಾಗಿ ಬಿದ್ದಿರುತ್ತದೆ. ದವಡೆ ಜೋಲುತ್ತದೆ, ಜೊಲ್ಲು ಸುರಿಯುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆಯೆಂದು ಮರುಗಿ ಬಾಯೊಳಗೆ ಕೈ ಹಾಕುವ ಮನೆಯವರಿಗೆ ಈ ಮೂಕ ನಾಯಿಯೇ ಹೆಚ್ಚು ಅಪಾಯಕಾರಿ.

ನಾಯಿಯನ್ನು ಕೊಂದರೆ ರೋಗ ಸಾಯುವುದೇ?

ಬೀದಿನಾಯಿಯ ವಿಷಯದಲ್ಲಿ ಆಡಳಿತಕ್ಕೆ ಮೊದಲಿನಿಂದಲೂ ಹೊಳೆದ ಉಪಾಯ ಕೊಲ್ಲುವುದು. 1832ರ ಜೂನ್ ತಿಂಗಳಿನಲ್ಲಿ ಮುಂಬಯಿಯಲ್ಲಿ ಕಂಪನಿ ಸರ್ಕಾರ ಬೀದಿನಾಯಿಗಳನ್ನು ಹಿಡಿದು ಕೊಲ್ಲಿಸತೊಡಗಿದಾಗ, ನಾಯಿಯನ್ನು ಪವಿತ್ರವೆಂದು ಭಾವಿಸುವ ಪಾರ್ಸಿಗಳು ಅಂಗಡಿ ಮುಚ್ಚಿ ಪ್ರತಿಭಟಿಸಿದರು, ಗಲಭೆಯೇ ಆಯಿತು. ಮದರಾಸು ನಗರದಲ್ಲಿಯೂ 19ನೆಯ ಶತಮಾನದಿಂದ ಬೀದಿನಾಯಿಗಳ ವಧೆ ನಡೆದುಕೊಂಡು ಬಂದಿತು. ದಶಕಗಳ ಕಾಲ ಕೊಂದರೂ ಬೀದಿಯಲ್ಲಿ ನಾಯಿ ಕಡಿಮೆಯಾಗಲಿಲ್ಲ. ಆಸ್ಪತ್ರೆಯಲ್ಲಿ ಜಲಭೀತಿಯ ರೋಗಿಯೂ ಕಡಿಮೆಯಾಗಲಿಲ್ಲ. ಬ್ಲೂ ಕ್ರಾಸ್ ಸಂಸ್ಥೆ 1964ರಿಂದಲೇ ಕೊಲ್ಲುವುದರ ಬದಲು ಸಂತಾನಹರಣ ಶಸ್ತ್ರಚಿಕಿತ್ಸೆಯ ದಾರಿಯನ್ನು ಸೂಚಿಸುತ್ತಿದ್ದರೂ ನಗರಪಾಲಿಕೆ ಅದನ್ನು ಒಪ್ಪಿದ್ದು 1996ರಲ್ಲಿ. 2001ರಲ್ಲಿ ಕೇಂದ್ರ ಸರ್ಕಾರದ ನಿಯಮಗಳು ಬಂದವು. 2023ರಲ್ಲಿ ಅವು ಪರಿಷ್ಕೃತಗೊಂಡವು.

ಕೊಲ್ಲುವುದರಿಂದ ಏಕೆ ಫಲ ದೊರೆಯಲಿಲ್ಲ? ಒಂದು ಬೀದಿ ಎಷ್ಟು ನಾಯಿಗಳನ್ನು ಸಾಕಬಲ್ಲದೆಂಬುದನ್ನು ಅಲ್ಲಿನ ಎಂಜಲು, ಕಸ, ಮಾಂಸದಂಗಡಿಯ ತ್ಯಾಜ್ಯ ನಿರ್ಧರಿಸುತ್ತವೆ. ನಾಲ್ಕು ನಾಯಿಗಳನ್ನು ಕೊಂದರೆ ಪಕ್ಕದ ಬೀದಿಯಿಂದ ಮತ್ತೆ ನಾಲ್ಕು ಬರುತ್ತವೆ. ಉಳಿದವುಗಳ ಮರಿಗಳಿಗೆ ಆಹಾರ ಹೆಚ್ಚಾಗಿ ಹೆಚ್ಚು ಬದುಕುತ್ತವೆ. ರೋಗನಿರೋಧಕ ಶಕ್ತಿ ಪಡೆದ ನಾಯಿಯೂ ಸಾಯುತ್ತದೆ. ಆ ಜಾಗಕ್ಕೆ ಬರುವ ಹೊಸ ನಾಯಿಯ ವಿಷಯ ಯಾರಿಗೂ ತಿಳಿದಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 1992ರ ತನ್ನ ವರದಿಯಲ್ಲಿ, ನಾಯಿಗಳನ್ನು ನಿರ್ಮೂಲ ಮಾಡುವ ಕ್ರಮದಿಂದ ಅವುಗಳ ಸಂಖ್ಯೆಯ ಮೇಲಾಗಲಿ ರೋಗದ ಹರಡುವಿಕೆಯ ಮೇಲಾಗಲಿ ಗಮನಾರ್ಹ ಪರಿಣಾಮವಾದದ್ದಕ್ಕೆ ಆಧಾರವಿಲ್ಲವೆಂದು ಹೇಳಿತು.

ಹಾಗಾದರೆ ರೋಗ ಅಳಿದ ದೇಶಗಳು ಏನು ಮಾಡಿದವು? ಬ್ರಿಟನ್ ನಾಯಿಗಳ ಬಾಯಿಗೆ ಕುಕ್ಕೆ ಕಟ್ಟಿಸಿ, ಹೊರದೇಶದಿಂದ ಬರುವ ನಾಯಿಗಳನ್ನು ದಿಗ್ಬಂಧನದಲ್ಲಿಟ್ಟು 1902ರ ವೇಳೆಗೆ ರೋಗವನ್ನು ತೊಲಗಿಸಿತು. ಜಪಾನ್ 1950ರ ಕಾಯ್ದೆಯಿಂದ ನಾಯಿಗಳ ನೋಂದಣಿ, ವಾರ್ಷಿಕ ಲಸಿಕೆ ಮತ್ತು ಬೀದಿನಾಯಿಗಳ ಹತೋಟಿಯನ್ನು ಕಡ್ಡಾಯಗೊಳಿಸಿ ಏಳೇ ವರ್ಷಗಳಲ್ಲಿ ಗೆದ್ದಿತು. ಇವೆರಡೂ ಕಡಲು ಸುತ್ತಿದ ದ್ವೀಪಗಳು ಎಂದು ಆಕ್ಷೇಪಿಸಬಹುದು. ಮೆಕ್ಸಿಕೊ ದ್ವೀಪವಲ್ಲ, ನಮ್ಮಂತೆಯೇ ಬೀದಿನಾಯಿಗಳಿರುವ ದೇಶ. ವರ್ಷ ವರ್ಷವೂ ಉಚಿತ ಸಾಮೂಹಿಕ ಲಸಿಕೆ ನಡೆಸಿ, ನಾಯಿಯಿಂದ ಮನುಷ್ಯನಿಗೆ ಬರುವ ರೇಬೀಸ್‌ನಿಂದ ಮುಕ್ತವಾದ ದೇಶವೆಂಬ ಮಾನ್ಯತೆಯನ್ನು ಅದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಪಡೆಯಿತು. ನೂರಕ್ಕೆ ಎಪ್ಪತ್ತು ನಾಯಿಗಳಿಗೆ ಲಸಿಕೆಯಾದರೆ ರೋಗಕ್ಕೆ ಒಂದರಿಂದ ಇನ್ನೊಂದಕ್ಕೆ ದಾಟಲು ದಾರಿ ಸಿಗುವುದಿಲ್ಲ. ಕೆಲವು ವರ್ಷ ಈ ಪ್ರಮಾಣವನ್ನು ಬಿಡದೆ ಕಾಯ್ದುಕೊಂಡರೆ ರೋಗದ ಸರಪಣಿ ತಾನಾಗಿ ಕಡಿಯುತ್ತದೆ. ಸಂತಾನಹರಣದಿಂದ ನಾಯಿಗಳ ಸಂಖ್ಯೆ ನಿಧಾನವಾಗಿ ತಗ್ಗುತ್ತದೆ. ರೋಗವನ್ನು ತಡೆಯುವುದು ಲಸಿಕೆ. ಎರಡರ ಅಗತ್ಯವೂ ಇದೆ, ಆದರೆ ಒಂದನ್ನು ಇನ್ನೊಂದೆಂದು ಭ್ರಮಿಸಬಾರದು.

ಗೋವೆ ತೋರಿದ ದಾರಿ

ಈ ಲೆಕ್ಕ ನಮ್ಮ ದೇಶದಲ್ಲಿ ನಡೆಯಲಾರದೆಂದು ಹೇಳುವವರಿಗೆ ನಮ್ಮ ನೆರೆಯ ಗೋವೆಯೇ ಉತ್ತರ. ಈ ಕಥೆಗೂ ನೀಲಗಿರಿಗೂ ನಂಟಿದೆ. ಉದಕಮಂಡಲದ ಬಳಿ ಪಶುವೈದ್ಯರಿಗೆ ತರಬೇತಿ ಕೊಡುತ್ತಿದ್ದ ವರ್ಲ್ಡ್‌ವೈಡ್ ವೆಟರಿನರಿ ಸರ್ವಿಸ್ ಸಂಸ್ಥೆಯೇ 2013ರಲ್ಲಿ ‘ಮಿಷನ್ ರೇಬೀಸ್’ ಎಂಬ ಕಾರ್ಯಕ್ರಮವನ್ನು ಹಮ್ಮಿಕೊಂಡಿತು. ಒಂದು ತಿಂಗಳಲ್ಲಿ ದೇಶದ ಹಲವೆಡೆ 50,000 ನಾಯಿಗಳಿಗೆ ಲಸಿಕೆ ಹಾಕುವ ಗುರಿಯಿಂದ ಆರಂಭವಾದ ಆ ಕೆಲಸ, ಗೋವೆಯಲ್ಲಿ ರಾಜ್ಯ ಸರ್ಕಾರದ ಜೊತೆಗೂಡಿ ನೆಲೆನಿಂತಿತು. ಬೀದಿಬೀದಿಯ ನಕ್ಷೆಯನ್ನು ಮೊಬೈಲಿನಲ್ಲಿ ಹಿಡಿದ ತಂಡಗಳು ಬಲೆಯಿಂದ ನಾಯಿಯನ್ನು ಹಿಡಿದು, ಲಸಿಕೆ ಚುಚ್ಚಿ, ಬಣ್ಣದ ಗುರುತು ಹಾಕಿ ಅಲ್ಲೇ ಬಿಟ್ಟವು. ವರ್ಷಕ್ಕೆ 95,000ಕ್ಕೂ ಹೆಚ್ಚು ನಾಯಿಗಳಿಗೆ ಲಸಿಕೆಯಾಯಿತು. 70 ಶೇಕಡಾ ಪ್ರಮಾಣ ಮುಟ್ಟಿತು. ಪ್ರತಿವರ್ಷ ಒಂದೂವರೆ ಲಕ್ಷ ಮಕ್ಕಳಿಗೆ ಪಾಠ ಹೇಳಲಾಯಿತು. 2019ರ ವೇಳೆಗೆ ನಾಯಿಗಳಲ್ಲಿ ರೋಗ 92 ಶೇಕಡಾದಷ್ಟು ಇಳಿದಿತ್ತು. ಮನುಷ್ಯರ ಸಾವು ನಿಂತಿತ್ತು. 2021ರಲ್ಲಿ ಗೋವೆ ತನ್ನನ್ನು ‘ರೇಬೀಸ್ ನಿಯಂತ್ರಿತ ಪ್ರದೇಶ’ವೆಂದು ಘೋಷಿಸಿಕೊಂಡಿತು. ಅಲ್ಲಿ ನೆಲೆಸಿರುವ ಸಾವಿರಾರು ಕನ್ನಡ ಕೂಲಿಕಾರರ ಮಕ್ಕಳೂ ಈ ರಕ್ಷಣೆಯಲ್ಲಿ ಪಾಲು ಪಡೆದರು.

ಗಡಿಯ ಎರಡೂ ಬದಿ

ದೇಶದ ಸ್ಥಿತಿ ಸುಧಾರಿಸಿಲ್ಲವೆಂದಲ್ಲ. 2003ರ ಸಮೀಕ್ಷೆ ವರ್ಷಕ್ಕೆ ಸುಮಾರು 20,000 ಸಾವುಗಳನ್ನು ಅಂದಾಜಿಸಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಈಚಿನ ಅಧ್ಯಯನದ ಅಂದಾಜು ಸುಮಾರು 5,700. ಒಳ್ಳೆಯ ಲಸಿಕೆ ಸರ್ಕಾರಿ ಆಸ್ಪತ್ರೆಗಳನ್ನು ಮುಟ್ಟಿದ್ದರ ಫಲವನ್ನು ಇದರಲ್ಲಿ ಕಾಣಬಹುದು. ಆದರೆ ಪ್ರಾಣಿ ಕಡಿತಗಳು ವರ್ಷಕ್ಕೆ 90 ಲಕ್ಷದಷ್ಟಿವೆಯೆಂದು ಅದೇ ಅಧ್ಯಯನ ಹೇಳುತ್ತದೆ. ಕಡಿಸಿಕೊಂಡವನಿಗೆ ಮದ್ದು ಹಾಕುವುದರಲ್ಲಿಯೇ ನಾವು ದಣಿಯುತ್ತಿದ್ದೇವೆ. 2030ರೊಳಗೆ ನಾಯಿಯಿಂದ ಬರುವ ರೇಬೀಸ್ ಸಾವುಗಳನ್ನು ನಿಲ್ಲಿಸುವ ರಾಷ್ಟ್ರೀಯ ಯೋಜನೆ 2021ರಲ್ಲಿ ಪ್ರಕಟವಾಗಿದೆ. ಉಳಿದಿರುವ ಕಾಲ ಸ್ವಲ್ಪ.

2025ರಲ್ಲಿ ಈ ವಿಷಯ ಸರ್ವೋಚ್ಚ ನ್ಯಾಯಾಲಯದಲ್ಲಿ ತೀವ್ರ ಚರ್ಚೆಗೆ ಬಂದಿತು. ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸೇರಿಸಬೇಕೆಂಬ ಆಗಸ್ಟ್ ತಿಂಗಳ ಮೊದಲ ಆದೇಶ ಕೆಲವೇ ದಿನಗಳಲ್ಲಿ ಮಾರ್ಪಾಡಾಯಿತು. ಸಂತಾನಹರಣ ಮತ್ತು ಲಸಿಕೆಯ ನಂತರ ನಾಯಿಯನ್ನು ಹಿಡಿದ ಸ್ಥಳದಲ್ಲೇ ಬಿಡಬೇಕು, ರೋಗಪೀಡಿತ ಮತ್ತು ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಬಿಡಬಾರದು ಎಂದಾಯಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣಗಳಿಂದ ನಾಯಿಗಳನ್ನು ತೆರವುಗೊಳಿಸುವ ಸೂಚನೆ ಬಂದಿತು. ನಾಯಿಪ್ರಿಯರೂ ನಾಯಿಯಿಂದ ನೊಂದವರೂ ಎರಡು ಪಕ್ಷಗಳಾಗಿ ವಾದಿಸುತ್ತಿದ್ದಾರೆ. ಲಸಿಕೆ ಪಡೆದ ನಾಯಿ ಇಬ್ಬರಿಗೂ ಬೇಕಾದ ನಾಯಿ ಎಂಬುದನ್ನು ಇಬ್ಬರೂ ಒಪ್ಪಬಹುದಲ್ಲವೇ?

ಗಡಿನಾಡಿನವರಾದ ನಮಗೆ ಇಲ್ಲಿ ಇನ್ನೊಂದು ತೊಡಕಿದೆ. 1956ರಲ್ಲಿ ರಾಜ್ಯಗಳು ವಿಂಗಡವಾದಾಗ ಗೂಡಲೂರು ಒಂದು ಕಡೆಗೆ, ವಯನಾಡು ಒಂದು ಕಡೆಗೆ, ಗುಂಡ್ಲುಪೇಟೆ ಇನ್ನೊಂದು ಕಡೆಗೆ ಸೇರಿದವು. ತಾಳವಾಡಿ ತಮಿಳುನಾಡಿನಲ್ಲಿ ಉಳಿಯಿತು; ಪಕ್ಕದ ಚಾಮರಾಜನಗರ ಕರ್ನಾಟಕದ್ದಾಯಿತು. ಮನುಷ್ಯರಿಗೆ ಚೆಕ್‌ಪೋಸ್ಟ್ ಬಂದಿತು, ನಾಯಿಗೆ ಬರಲಿಲ್ಲ. ಒಂದು ಬದಿಯಲ್ಲಿ ಲಸಿಕೆ ನಡೆದು ಇನ್ನೊಂದು ಬದಿಯಲ್ಲಿ ನಡೆಯದಿದ್ದರೆ ರೋಗ ರಾತ್ರಿಯ ಹೊತ್ತು ಸದ್ದಿಲ್ಲದೆ ದಾಟಿ ಬರುತ್ತದೆ. ಇತ್ತ ಪಂಚಾಯತಿಯನ್ನು ಕೇಳಿದರೆ ಪಶುಪಾಲನಾ ಇಲಾಖೆ ಎನ್ನುತ್ತದೆ, ಅದು ಆರೋಗ್ಯ ಇಲಾಖೆಯನ್ನು ತೋರಿಸುತ್ತದೆ, ಆರೋಗ್ಯ ಇಲಾಖೆ ಅದು ನೆರೆರಾಜ್ಯದ ನಾಯಿ ಎನ್ನುತ್ತದೆ. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು.

ಎರಡೂ ಬದಿಯ ಭಾಷೆ, ಎರಡೂ ಬದಿಯ ಅಧಿಕಾರಿಗಳು, ಎರಡೂ ಬದಿಯ ಬಂಧುಗಳು ಪರಿಚಯವಿರುವವರು ಗಡಿನಾಡಿನ ಕನ್ನಡಿಗರು. ಗಡಿಯ ಎರಡು ಜಿಲ್ಲೆಗಳಲ್ಲಿ ಒಂದೇ ವಾರದಲ್ಲಿ ಲಸಿಕಾ ಶಿಬಿರ ನಡೆಯಲಿ ಎಂದು ಎರಡೂ ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸಲು ನಮ್ಮ ಸಂಘಗಳಿಗಿಂತ ಯೋಗ್ಯರು ಯಾರಿದ್ದಾರೆ? ಪಾಶ್ಚರ್ ನಿಧನರಾದ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವಾಗಿ ಆಚರಿಸುತ್ತಾರೆ. ಆ ವಾರವೇ ಇದಕ್ಕೆ ತಕ್ಕ ಸಮಯ.

ಶಾಲೆಯಲ್ಲಿ ಬಾಳಿನ ಬಹುಭಾಗ ಕಳೆದ ನಾನು ಮನೆಯ ಹಿರಿಯರಿಗೆ ಒಂದು ಮಾತು ಹೇಳಬಯಸುತ್ತೇನೆ. ಮಕ್ಕಳು ನಾಯಿ ಕಚ್ಚಿದ್ದನ್ನು ಮನೆಯಲ್ಲಿ ಹೇಳುವುದಿಲ್ಲ; ಬೈಗುಳಕ್ಕೆ ಹೆದರುತ್ತಾರೆ, ಸೂಜಿಗೆ ಹೆದರುತ್ತಾರೆ. ಕುಳ್ಳಗಿರುವ ಮಗುವಿಗೆ ಮುಖ, ಕುತ್ತಿಗೆಗಳಿಗೇ ಕಡಿತ ಬೀಳುವುದು ಹೆಚ್ಚು. ಅಲ್ಲಿಂದ ಮಿದುಳಿಗೆ ದಾರಿಯೂ ಹತ್ತಿರ. ಆದುದರಿಂದ ‘ನಾಯಿ ಪರಚಿದರೂ ಹೇಳು, ಬೈಯುವುದಿಲ್ಲ’ ಎಂದು ಮೊದಲೇ ಮಾತು ಕೊಟ್ಟಿರಬೇಕು. ಕಡಿದ ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಗಾಯವನ್ನು 15 ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಏನನ್ನೂ ಹಚ್ಚಬಾರದು. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ, ಕೊನೆಯ ಸರದಿಯವರೆಗೂ ತಪ್ಪಿಸದೆ ಹಾಕಿಸಬೇಕು. ಗಾಯ ಆಳವಾಗಿದ್ದರೆ, ರಕ್ತ ಬಂದಿದ್ದರೆ, ಗಾಯದೊಳಗೇ ಹಾಕುವ ಪ್ರತಿವಿಷದ ಮದ್ದನ್ನೂ ಕೇಳಿ ಪಡೆಯಬೇಕು.

ನಮ್ಮ ಅಜ್ಜಂದಿರು ಈ ಮದ್ದಿಗಾಗಿ ಮೂರು ದಿನದ ದಾರಿ ಸವೆಸಿ ಬೆಟ್ಟ ಹತ್ತಿದರು. ಇಂದು ಅದು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇದೆ. ಬೀದಿಯ ನಾಯಿಗೂ ಒಂದು ಚುಚ್ಚುಮದ್ದು ತಲುಪಿಸುವ ಕೆಲಸವನ್ನು ನಮ್ಮ ತಲೆಮಾರು ಪೂರೈಸಿದರೆ, ಮೊಮ್ಮಕ್ಕಳಿಗೆ ಆ ಆಸ್ಪತ್ರೆಯ ದಾರಿಯನ್ನೂ ತಪ್ಪಿಸಿದಂತಾಗುತ್ತದೆ.